ಮುಚ್ಚಿದ ದತ್ತು ಕಡತ, ಮೂರು ಬೇರೆ ಬೇರೆ ಕೋರಿಕೆ: ಒಂದು ಪ್ರಕರಣ ಅಧ್ಯಯನ

ದತ್ತು ಹೋದ ಮಕ್ಕಳು ದೊಡ್ಡವರಾಗಿ ಹೆತ್ತವರನ್ನು ಹುಡುಕುವ ವಿಷಯ ಬಂದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. ಒಂದು, "ಅದೆಲ್ಲ ಗುಟ್ಟು, ಯಾರೂ ಏನೂ ಕೊಡಲ್ಲ." ಇನ್ನೊಂದು, "ಫೇಸ್‌ಬುಕ್‌ನಲ್ಲಿ ಹಾಕಿ, ಸಿಕ್ಕೇ ಸಿಗ್ತಾರೆ." ಎರಡನ್ನೂ ನಂಬಿ ನೊಂದವರನ್ನು ನೋಡಿದ್ದೇನೆ. ದತ್ತು ಕುಟುಂಬಗಳ ಜೊತೆ ಆಪ್ತಸಮಾಲೋಚನೆ ಮಾಡುವುದು ನನ್ನ ಕೆಲಸ. ಈ ಪ್ರಕರಣದಲ್ಲಿ ಹುಡುಕಿದ್ದು ನಾನಲ್ಲ. ಹುಡುಕುವವಳ ಪಕ್ಕದಲ್ಲಿ ಕೂತಿದ್ದೆ, ಅಷ್ಟೆ. ಆದರೆ ಯಾವ ಹೆಜ್ಜೆಯಲ್ಲಿ ಏನು ತೀರ್ಮಾನ ಆಯಿತು, ಅದರಿಂದ ಯಾರಿಗೆ ಏನಾಯಿತು ಅನ್ನೋದನ್ನು ಹತ್ತಿರದಿಂದ ಕಂಡೆ.

ಹೆಸರು, ಊರು, ಜಿಲ್ಲೆ ಯಾವುದನ್ನೂ ಇಲ್ಲಿ ಹೇಳುತ್ತಿಲ್ಲ. ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ. ಮಗಳು, ಸಾಕಿದ ಅಮ್ಮ, ಹೆತ್ತ ತಾಯಿ ಅಂತಲೇ ಕರೆಯುತ್ತೇನೆ. ಮಗಳು ಇದನ್ನು ಓದಿ, ಎರಡು ಕಡೆ ತಿದ್ದಿಸಿ, ಒಪ್ಪಿದ್ದಾಳೆ. ಅವಳು ನನಗಿಂತ ತುಂಬ ಚಿಕ್ಕವಳು, ಹಾಗಾಗಿ ಏಕವಚನ.

ಹಿನ್ನೆಲೆ

ಮಗಳು ಹುಟ್ಟಿದ್ದು 1989ರಲ್ಲಿ. ಮೂವತ್ತನಾಲ್ಕು ವರ್ಷದವರೆಗೆ ತಾನು ದತ್ತು ಬಂದವಳು ಅನ್ನೋದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾದ ರೀತಿ ಯಾರಿಗೂ ಬೇಡ. ಅಪ್ಪ ತೀರಿಕೊಂಡಿದ್ದರು. ಜಮೀನಿನ ಪೌತಿ ಖಾತೆ ಮಾಡಿಸಬೇಕಿತ್ತು, ಅದಕ್ಕೆ ವಂಶವೃಕ್ಷ ಬೇಕಿತ್ತು. ನಾಡಕಚೇರಿಗೆ ಅರ್ಜಿ ಹೋಯಿತು. ವಿಚಾರಣೆಗೆ ಅಧಿಕಾರಿ ಮನೆ ಹತ್ತಿರ ಬಂದ ದಿನ ಚಿಕ್ಕಪ್ಪ ಎಲ್ಲರ ಎದುರು, "ಇವಳು ನಮ್ಮಣ್ಣನಿಗೆ ಹುಟ್ಟಿದವಳಲ್ಲ, ಆಶ್ರಮದಿಂದ ತಂದಿದ್ದು. ಹೆಸರು ಸೇರಿಸಬೇಡಿ" ಅಂದರು. ಅಕ್ಕಪಕ್ಕದವರೂ ಅಲ್ಲೇ ನಿಂತಿದ್ದರು.

ಅಮ್ಮ ಇಲ್ಲ ಅನ್ನಲಿಲ್ಲ. ಒಳಗೆ ಹೋಗಿ ಬೀರುವಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದು ಮಗಳ ಕೈಗೆ ಕೊಟ್ಟರು. ಅದರೊಳಗೆ ನೋಂದಾಯಿಸಿದ ದತ್ತು ಪತ್ರ, ನ್ಯಾಯಾಲಯದ ಆದೇಶದ ನಕಲು, ಲಸಿಕೆ ಹಾಕಿಸಿದ ಕಾರ್ಡು ಇದ್ದವು.

ಆಸ್ತಿ ವಿಷಯ ಹೆಚ್ಚು ದಿನ ಎಳೆಯಲಿಲ್ಲ. ಇದು ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ, 1956ರ ಪ್ರಕಾರ ಆದ ದತ್ತು. ಹೆತ್ತವರು ಬಿಟ್ಟುಕೊಟ್ಟ ಮಗುವನ್ನು ಪಾಲಕರ ಸ್ಥಾನದಲ್ಲಿರುವ ಸಂಸ್ಥೆಯವರು ದತ್ತು ಕೊಡಬೇಕಾದರೆ ಮೊದಲು ನ್ಯಾಯಾಲಯದ ಅನುಮತಿ ಬೇಕು ಅಂತ ಕಲಂ 9(4) ಹೇಳುತ್ತದೆ. ಅದು ಇತ್ತು. ದತ್ತು ಪತ್ರ ನೋಂದಣಿ ಆಗಿತ್ತು, ಕಲಂ 16ರ ಪ್ರಕಾರ ಅದಕ್ಕೆ ಬಲ ಇದೆ. ಕಲಂ 12ರ ಪ್ರಕಾರ ದತ್ತು ಆದ ದಿನದಿಂದ ಮಗು ಎಲ್ಲ ರೀತಿಯಲ್ಲೂ ಸಾಕಿದವರ ಮಗುವೇ. ಹುಟ್ಟಿದ ಮನೆಯ ಸಂಬಂಧ ಕಾನೂನಿನ ಮಟ್ಟಿಗೆ ಕಡಿದುಹೋಗುತ್ತದೆ. ಒಂದು ಸಲ ಸರಿಯಾಗಿ ಆದ ದತ್ತುವನ್ನು ರದ್ದು ಮಾಡಲೂ ಆಗುವುದಿಲ್ಲ. ಕಾಗದ ನೋಡಿದ ಮೇಲೆ ಅಧಿಕಾರಿಗಳು ವಂಶವೃಕ್ಷದಲ್ಲಿ ಅವಳ ಹೆಸರು ಸೇರಿಸಿದರು.

ಈ ಕಲಂ 12ನ್ನು ನೆನಪಿಟ್ಟುಕೊಳ್ಳಿ. ಮುಂದೆ ಇನ್ನೊಂದು ಮನೆಯ ಬಾಗಿಲಲ್ಲಿ ಇದೇ ಕೆಲಸಕ್ಕೆ ಬಂತು.

ಸಮಸ್ಯೆ ಏನು ಅನ್ನೋದೇ ಮೊದಲ ಸಮಸ್ಯೆ

ಮಗಳು ನನ್ನ ಹತ್ತಿರ ಬಂದಾಗ ಹೇಳಿದ್ದು ಒಂದೇ ಮಾತು: "ಅವರನ್ನ ಹುಡುಕಬೇಕು." ಹೀಗೆ ಬರುವ ಎಲ್ಲರೂ ಇದನ್ನೇ ಹೇಳುತ್ತಾರೆ. ಆದರೆ ಈ ಒಂದು ಮಾತಿನೊಳಗೆ ಬೇರೆ ಬೇರೆ ಬೇಡಿಕೆಗಳು ಗಂಟುಬಿದ್ದಿರುತ್ತವೆ. ಆ ಗಂಟನ್ನು ಮೊದಲು ಬಿಡಿಸದೆ ಅರ್ಜಿ ಬರೆಯಲು ಕೂರಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಕೂತು ಮಾತಾಡಿದಾಗ ಮೂರು ಎಳೆ ಸಿಕ್ಕವು. ಮೊದಲನೆಯದು ಆರೋಗ್ಯ. ಹಿಂದಿನ ವರ್ಷ ಎದೆಯಲ್ಲಿ ಸಣ್ಣ ಗಂಟು ಕಂಡು ಪರೀಕ್ಷೆ ಮಾಡಿಸಿಕೊಂಡಿದ್ದಳು. ಅದು ಅಪಾಯದ್ದಲ್ಲ ಅಂತ ಆಯಿತು. ಆಸ್ಪತ್ರೆಯ ಫಾರಂನಲ್ಲಿ "ತಾಯಿ, ಅಜ್ಜಿ, ಚಿಕ್ಕಮ್ಮಂದಿರಿಗೆ ಸ್ತನ ಕ್ಯಾನ್ಸರ್ ಇತ್ತೇ?" ಅಂತ ಕೇಳಿದ್ದರು. ಅಮ್ಮನನ್ನು ಕೇಳಿ "ಇಲ್ಲ" ಅಂತ ಬರೆದಿದ್ದಳು. ಈಗ ಆ "ಇಲ್ಲ"ಕ್ಕೆ ಅರ್ಥವೇ ಇರಲಿಲ್ಲ. ಎರಡನೆಯದು, ಯಾಕೆ ಬಿಟ್ಟರು ಅನ್ನೋ ಪ್ರಶ್ನೆ. ಮೂರನೆಯದು ಮುಖ ನೋಡಬೇಕು ಅನ್ನೋ ಆಸೆ.

ಮೂರಕ್ಕೂ ಉತ್ತರ ಕೊಡಬೇಕಾದವರು ಬೇರೆ ಬೇರೆ. ಯಾಕೆ ಬಿಟ್ಟರು ಅನ್ನೋದು ಕಡತದಲ್ಲೇ ಇರಬಹುದು. ಆರೋಗ್ಯದ ವಿಷಯ ಹೆತ್ತ ತಾಯಿ ಒಂದು ಫೋನ್ ಕರೆಯಲ್ಲಿ ಹೇಳಬಹುದಾದದ್ದು. ಭೇಟಿ ಮಾತ್ರ ಪೂರ್ತಿ ಆ ತಾಯಿಯ ಇಷ್ಟಕ್ಕೆ ಬಿಟ್ಟದ್ದು. ಮೂರನ್ನೂ ಒಟ್ಟಿಗೆ ಕಟ್ಟಿ ಕೇಳಿದರೆ, ಮೂರನೆಯದಕ್ಕೆ ಬರುವ "ಬೇಡ" ಉಳಿದ ಎರಡನ್ನೂ ಎಳೆದುಕೊಂಡು ಹೋಗುತ್ತದೆ. ಮಗಳಿಗೆ ಇದು ಹಿಡಿಸಲಿಲ್ಲ. "ನನ್ನ ತಾಯಿನ ನೋಡೋಕೆ ನಾನು ಕಂತಲ್ಲಿ ಕೇಳ್ಬೇಕಾ ಮೇಡಂ?" ಅಂದಳು. ಕೋಪ ನ್ಯಾಯವಾದದ್ದೇ. ಅದಕ್ಕೆ ಸಮಯ ಕೊಟ್ಟೆವು. ಕೆಲವು ವಾರ ಬಿಟ್ಟು ಅವಳೇ ಮೂರು ಕೋರಿಕೆಗಳನ್ನು ಮೂರು ಬೇರೆ ಹಾಳೆಗಳಲ್ಲಿ ಬರೆದು ತಂದಳು.

ಮೊದಲು ಮಾಡಿದ ಪ್ರಯತ್ನಗಳು

ನನ್ನ ಹತ್ತಿರ ಬರುವ ಮುಂಚೆಯೇ ಅವಳು ಒಂದಿಷ್ಟು ಕಡೆ ಓಡಾಡಿದ್ದಳು. ದತ್ತು ಪತ್ರದಲ್ಲಿ ಸಂಸ್ಥೆಯ ಹೆಸರಿತ್ತು. ಆ ವಿಳಾಸಕ್ಕೆ ಹೋದರೆ ಅಲ್ಲಿ ಬೇರೆ ಕಟ್ಟಡ. ಸಂಸ್ಥೆ ಮುಚ್ಚಿ ಎಷ್ಟೋ ವರ್ಷ ಆಗಿತ್ತು. ಮಾಹಿತಿ ಹಕ್ಕಿನಲ್ಲಿ ಇಲಾಖೆಗೆ ಅರ್ಜಿ ಹಾಕಿದಳು. ಕಾಯ್ದೆಯ 8(1)(ಜೆ) ಪ್ರಕಾರ ಇದು ಇನ್ನೊಬ್ಬರ ಖಾಸಗಿ ಮಾಹಿತಿ, ಕೊಡಲಾಗದು ಅಂತ ಉತ್ತರ ಬಂತು. ನ್ಯಾಯಾಲಯದಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಿದ್ದಕ್ಕೆ ಆದೇಶ ಸಿಕ್ಕಿತು. ಅದರ ಜೊತೆಗಿದ್ದ ಕಾಗದಗಳು ಹಳೆಯ ಕಡತ ವಿಲೇವಾರಿಯಲ್ಲಿ ಹೋಗಿದ್ದವು.

ಡಿಎನ್‌ಎ ಪರೀಕ್ಷೆಯನ್ನೂ ಮಾಡಿಸಿದ್ದಳು. ವಿದೇಶಗಳಲ್ಲಿ ಇದರಿಂದ ಎಷ್ಟೋ ಜನರಿಗೆ ಹೆತ್ತವರು ಸಿಕ್ಕಿದ್ದಾರೆ, ನಿಜ. ಅಲ್ಲಿ ಪರೀಕ್ಷೆ ಮಾಡಿಸಿಕೊಂಡವರು ಕೋಟಿಗಟ್ಟಲೆ ಇದ್ದಾರೆ, ಅದಕ್ಕೇ ಅದು ಕೆಲಸ ಮಾಡುತ್ತದೆ. ಒಬ್ಬರೇ ತಾಯಿಯ ಅಥವಾ ಒಬ್ಬರೇ ತಂದೆಯ ಮಕ್ಕಳ ನಡುವೆ ಸುಮಾರು ಶೇ 25ರಷ್ಟು ಡಿಎನ್‌ಎ ಹೊಂದುತ್ತದೆ. ಚಿಕ್ಕಪ್ಪ, ದೊಡ್ಡಪ್ಪನ ಮಕ್ಕಳ ನಡುವೆ ಶೇ 12.5ರಷ್ಟು. ಇವಳಿಗೆ ಸಿಕ್ಕ ಹೊಂದಾಣಿಕೆಗಳೆಲ್ಲ ಶೇ 1ರ ಆಸುಪಾಸು, ಅದೂ ಬೇರೆ ದೇಶದಲ್ಲಿರುವವರ ಜೊತೆ. ನಮ್ಮ ಕಡೆ ಇನ್ನೊಂದು ತೊಡಕಿದೆ. ಸೋದರಮಾವ, ಅತ್ತೆ ಮಕ್ಕಳು ಅಂತ ಸಂಬಂಧದಲ್ಲೇ ತಲೆಮಾರುಗಳಿಂದ ಮದುವೆ ನಡೆದಿರುವ ಕಡೆ, ದೂರದ ನೆಂಟರೂ ಡಿಎನ್‌ಎಯಲ್ಲಿ ಹತ್ತಿರದವರ ಹಾಗೆ ಕಾಣುತ್ತಾರೆ. ಇದೇ ಲೆಕ್ಕ ಹಿಡಿದು ಯಾರದೋ ಮನೆಗೆ ಫೋನ್ ಮಾಡಿದರೆ ಅನ್ಯಾಯ ಆಗುತ್ತದೆ. ಅವಳು ಮಾಡಲಿಲ್ಲ.

ಉಳಿದದ್ದು ಎರಡು ದಾರಿ. ಒಂದು, ಫೇಸ್‌ಬುಕ್ ಪೋಸ್ಟ್. ಮಗುವಾಗಿದ್ದಾಗಿನ ಫೋಟೋ, ಹುಟ್ಟಿದ ದಿನ, ಸಂಸ್ಥೆಯ ಹೆಸರು ಎಲ್ಲ ಸೇರಿಸಿ ಬರೆದಿಟ್ಟುಕೊಂಡಿದ್ದಳು. ಇನ್ನೊಂದು, ದುಡ್ಡು ಕೊಟ್ಟರೆ ಹುಡುಕಿಕೊಡುತ್ತೇನೆ ಅಂದ ಒಬ್ಬ ಮಧ್ಯವರ್ತಿ. ಮುಂಗಡ ಕೇಳಿದ್ದ, ಒಂದು ಅಧಿಕಾರ ಪತ್ರಕ್ಕೂ ಸಹಿ ಕೇಳಿದ್ದ.

ಮೊದಲ ತಿರುವು: ಸರಿಯಾದ ಬಾಗಿಲು

ಭಾರತದಲ್ಲಿ ಇದಕ್ಕೆ ಒಂದು ಕ್ರಮ ಇದೆ ಅನ್ನೋದು ತುಂಬ ಜನಕ್ಕೆ ಗೊತ್ತೇ ಇಲ್ಲ. ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ, ಎಲ್ಲರೂ ಕಾರಾ ಅನ್ನುವುದು, 1990ರಲ್ಲಿ ಶುರುವಾದದ್ದು. ಬಾಲ ನ್ಯಾಯ ಕಾಯ್ದೆ, 2015ರಿಂದ ಅದಕ್ಕೆ ಶಾಸನಬದ್ಧ ಸ್ಥಾನ ಸಿಕ್ಕಿದೆ. 2022ರ ದತ್ತು ನಿಯಮಾವಳಿಯಲ್ಲಿ ರೂಟ್ ಸರ್ಚ್‌ಗೆ, ಅಂದರೆ ದತ್ತು ಹೋದವರು ತಮ್ಮ ಮೂಲ ಹುಡುಕುವುದಕ್ಕೆ, ಅಂತಲೇ ಒಂದು ನಿಯಮ ಇದೆ. ಹದಿನೆಂಟು ತುಂಬಿದವರು ತಾವೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಅದಕ್ಕಿಂತ ಚಿಕ್ಕವರಾದರೆ ಸಾಕಿದವರ ಜೊತೆ ಸೇರಿ ಹಾಕಬೇಕು. ದತ್ತು ಸಂಸ್ಥೆ, ಮಕ್ಕಳ ಕಲ್ಯಾಣ ಸಮಿತಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ರಾಜ್ಯದ ದತ್ತು ಸಂಪನ್ಮೂಲ ಸಂಸ್ಥೆ ಇವರೆಲ್ಲ ಹುಡುಕಾಟಕ್ಕೆ ನೆರವಾಗಬೇಕು.

ಮೂರನೆಯವರು ಹುಡುಕಲು ಅವಕಾಶವಿಲ್ಲ ಅಂತಲೂ ಅದೇ ನಿಯಮ ಹೇಳುತ್ತದೆ. ಮಧ್ಯವರ್ತಿಯ ಅಧಿಕಾರ ಪತ್ರ ಅಲ್ಲಿಗೇ ನಿಂತಿತು. ಬಿಟ್ಟುಕೊಡುವಾಗ ಹೆತ್ತವರು ತಮ್ಮ ಗುರುತು ಗುಟ್ಟಾಗಿಡಿ ಅಂತ ಕೇಳಿದ್ದರೆ, ಈಗ ಅವರ ಒಪ್ಪಿಗೆ ಬೇಕು. ಮಗುವಿನ ಹಕ್ಕು ಹೆತ್ತವರ ಖಾಸಗಿತನವನ್ನು ಮುರಿಯುವಂತಿಲ್ಲ. ಜನ ಇಲ್ಲಿಗೇ ಓದಿ ನಿರಾಸೆಯಿಂದ ನಿಲ್ಲಿಸುತ್ತಾರೆ. ಇದರ ಜೊತೆಗೇ ಇನ್ನೊಂದು ಮಾತಿದೆ: ಹೆತ್ತವರು ಒಪ್ಪದಿದ್ದರೂ, ಅಥವಾ ಸಿಗದಿದ್ದರೂ, ಯಾವ ಕಾರಣಕ್ಕೆ, ಯಾವ ಪರಿಸ್ಥಿತಿಯಲ್ಲಿ ಮಗುವನ್ನು ಒಪ್ಪಿಸಿದರು ಅನ್ನೋದನ್ನು ಮಗುವಿಗೆ ಹೇಳಲೇಬೇಕು. ಅಂದರೆ ಮಗಳ ಎರಡನೇ ಹಾಳೆಗೆ ತಾಯಿಯ "ಹೂಂ" ಬೇಕಾಗಿಯೇ ಇರಲಿಲ್ಲ.

ಇದನ್ನು ತೋರಿಸಿದ ದಿನ ಅವಳು ಫೇಸ್‌ಬುಕ್ ಪೋಸ್ಟನ್ನು ಪಕ್ಕಕ್ಕಿಟ್ಟಳು. ಅದಕ್ಕೆ ನಾನು ಕೊಟ್ಟ ಕಾರಣ ಕಾನೂನಿನದಷ್ಟೇ ಅಲ್ಲ. ಆ ತಾಯಿಗೆ ಈಗ ಐವತ್ತರ ಮೇಲೆ. ಮದುವೆ ಆಗಿರಬಹುದು, ಸೊಸೆ ಬಂದಿರಬಹುದು. ಪೋಸ್ಟ್ ಆಕೆಯ ಕಣ್ಣಿಗೆ ಬೀಳುವ ಮುಂಚೆ ಆಕೆಯ ಮಗನ ಫೋನಿಗೆ ಹೋಗಿರುತ್ತದೆ. ಆಮೇಲೆ ಅಳಿಸಿದರೂ ಪ್ರಯೋಜನ ಇಲ್ಲ, ಅಲ್ವಾ?

ಎರಡನೇ ತಿರುವು: ಸಾಕಿದ ಅಮ್ಮ

ಅಮ್ಮನಿಗೆ ಹೇಳದೆ ಅರ್ಜಿ ಹಾಕಬೇಕು ಅಂತ ಮಗಳು ಮೊದಲು ಅಂದುಕೊಂಡಿದ್ದಳು. ಕಾನೂನಿನಲ್ಲಿ ಅಡ್ಡಿ ಇಲ್ಲ. ಆದರೆ ಒಂದು ಗುಟ್ಟಿನಿಂದ ಗಾಯವಾದ ಮನೆಯಲ್ಲಿ ಇನ್ನೊಂದು ಗುಟ್ಟು ಬೇಡ ಅಂತ ನಾನು ಹೇಳಿದೆ. ಅವಳು ಹೇಳಿದಳು. ಅಮ್ಮ ಎರಡು ದಿನ ಮಾತಾಡಲಿಲ್ಲ. ಆಮೇಲೆ ನನ್ನ ಹತ್ತಿರ ಇಬ್ಬರೂ ಬಂದರು. ಅಮ್ಮ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಹೇಳ್ಬೇಡ ಅಂತ ಅವರು ಮಾತು ತಗೊಂಡಿದ್ರು. ಮೊದಮೊದಲು ಅವರಿಗೋಸ್ಕರ ಹೇಳ್ಲಿಲ್ಲ. ಆಮೇಲಾಮೇಲೆ ನನಗೆ ಹೆದರಿಕೆ ಆಗೋಕೆ ಶುರುವಾಯ್ತು."

ಅಮ್ಮ ಬಂದದ್ದರಿಂದ ಕೆಲಸವೂ ಸುಲಭವಾಯಿತು. ಸಂಸ್ಥೆ ಮುಚ್ಚುವಾಗ ಅಲ್ಲಿನ ಮಕ್ಕಳನ್ನೂ ಪುಸ್ತಕಗಳನ್ನೂ ಬೇರೊಂದು ಸಂಸ್ಥೆಗೆ ಒಪ್ಪಿಸಿದ್ದರು ಅನ್ನೋದು ಅವರಿಗೆ ಗೊತ್ತಿತ್ತು. ಯಾವ ಸಂಸ್ಥೆ ಅನ್ನೋದೂ ನೆನಪಿತ್ತು. ಇಷ್ಟು ದಿನ ಮಗಳು ಕಚೇರಿಗಳಲ್ಲಿ ಹುಡುಕುತ್ತಿದ್ದ ಮಾಹಿತಿ ಅಡುಗೆಮನೆಯಲ್ಲೇ ಇತ್ತು. ಇಂಥ ಹುಡುಕಾಟದಲ್ಲಿ ಸಾಕಿದವರನ್ನು ಹೊರಗಿಟ್ಟರೆ ಎಷ್ಟು ಕಳೆದುಕೊಳ್ಳುತ್ತೇವೆ ಅನ್ನೋದು ಇದರಲ್ಲೇ ಗೊತ್ತಾಗುತ್ತದೆ.

ಅರ್ಜಿ ಹೋಯಿತು. ಗುರುತಿನ ಚೀಟಿ, ದತ್ತು ಪತ್ರ, ನ್ಯಾಯಾಲಯದ ಆದೇಶ, ಕಡತ ಯಾವ ಸಂಸ್ಥೆಯಲ್ಲಿ ಇರಬಹುದು ಅನ್ನೋ ವಿವರ, ಎಲ್ಲ ಸೇರಿಸಿದ್ದೆವು. ತಿಂಗಳುಗಳು ಹೋದವು. ಒಂದು ಕಚೇರಿಯಿಂದ ಇನ್ನೊಂದಕ್ಕೆ ಪತ್ರ, ಅಲ್ಲಿಂದ ಮತ್ತೊಂದಕ್ಕೆ. ಆ ಕಾಯುವಿಕೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೊನೆಗೆ ಸಂಸ್ಥೆಯ ಸಮಾಜ ಕಾರ್ಯಕರ್ತೆ ಫೋನ್ ಮಾಡಿ, ಕಡತ ಸಿಕ್ಕಿದೆ ಅಂದರು.

ಕಡತದ ದಿನ

ಸಂಸ್ಥೆಯ ಕೋಣೆಯಲ್ಲಿ ನಾವು ನಾಲ್ವರು: ಮಗಳು, ಅಮ್ಮ, ಸಮಾಜ ಕಾರ್ಯಕರ್ತೆ, ನಾನು. ಮೂಲ ಕಡತ ಮೇಜಿನ ಆ ಕಡೆ ಇತ್ತು. ಮಗಳಿಗೆ ಕೊಟ್ಟದ್ದು ನಕಲು. ಹೆತ್ತ ತಾಯಿ ಗುರುತು ಗುಟ್ಟಾಗಿಡಿ ಅಂತ ಕೇಳಿದ್ದರಿಂದ, ಹೆಸರು, ಊರು ಇರುವ ಸಾಲುಗಳ ಮೇಲೆ ಬಿಳಿ ಕಾಗದದ ಪಟ್ಟಿ ಇಟ್ಟು ಜೆರಾಕ್ಸ್ ತೆಗೆದಿದ್ದರು.

ದಾಖಲಾತಿ ಪುಸ್ತಕದಲ್ಲಿ ತೂಕ, ದಿನಾಂಕ, "ತಾಯಿಯ ಜೊತೆ ಬಂದಿದೆ" ಅಂತ ಇತ್ತು. ಆಗಿನ ಸಮಾಜ ಕಾರ್ಯಕರ್ತೆ ಬರೆದ ಅರ್ಧ ಪುಟದ ಟಿಪ್ಪಣಿಯೂ ಇತ್ತು. ತಾಯಿಗೆ ಇಪ್ಪತ್ತು ವರ್ಷ, ಮದುವೆಯಾಗಿಲ್ಲ, ತಂದೆ ಇಲ್ಲ, ತಂಗಿಯರಿದ್ದಾರೆ, ಮದುವೆ ಆಗುತ್ತೇನೆ ಅಂದವನು ಊರು ಬಿಟ್ಟಿದ್ದಾನೆ. ಹೆತ್ತ ತಂದೆಯ ಹೆಸರು ಎಲ್ಲೂ ಇರಲಿಲ್ಲ. ಕೊನೆಯದು ಛಾಪಾ ಕಾಗದದ ಮೇಲಿನ ಒಪ್ಪಿಗೆ ಪತ್ರ. ತಾಯಿಯ ಸಹಿ ಮುಚ್ಚಿತ್ತು. ಸಾಕ್ಷಿಯ ಜಾಗದಲ್ಲಿ ಎಡಗೈ ಹೆಬ್ಬೆಟ್ಟು, ಪಕ್ಕದಲ್ಲಿ "ದೊಡ್ಡಮ್ಮ" ಅಂತ ಬರೆದಿತ್ತು.

ಮಗಳು ಆ ಸಹಿಯ ಜಾಗವನ್ನೇ ನೋಡುತ್ತಿದ್ದಳು. ಪಟ್ಟಿ ಸರಿಯಾಗಿ ಕೂತಿರಲಿಲ್ಲ. ಅದರ ಕೆಳಗೆ ಒಂದು ಒತ್ತಕ್ಷರದ ಬಾಲ ಇಣುಕಿತ್ತು, ಮ ಒತ್ತೋ ಯ ಒತ್ತೋ ಅನ್ನುವಂಥದ್ದು. ಬರೆದ ಕೈ ದುಂಡಗೆ, ನಿಧಾನಕ್ಕೆ ಬರೆದಿತ್ತು ಅನ್ನೋದು ಅಷ್ಟರಲ್ಲೇ ಗೊತ್ತಾಗುತ್ತಿತ್ತು. ಆ ಒತ್ತು ಬರುವ ಹೆಣ್ಣು ಹೆಸರುಗಳು ಎಷ್ಟಿರಬಹುದು? ಅವಳ ತಲೆಯಲ್ಲಿ ಏನು ಓಡುತ್ತಿದೆ ಅಂತ ನಮಗೆಲ್ಲ ತಿಳಿಯಿತು.

ಸಮಾಜ ಕಾರ್ಯಕರ್ತೆ ಆ ಹಾಳೆಯನ್ನು ಕಿತ್ತುಕೊಳ್ಳಲಿಲ್ಲ. ಮಗಳ ಪಕ್ಕಕ್ಕೆ ಬಂದು ಕೂತು ಹೇಳಿದರು: "ನೋಡಮ್ಮ, ಮತದಾರರ ಪಟ್ಟಿ, ಅದು ಇದು ಅಂತ ನೀನು ಹುಡುಕೋಕೆ ಹೊರಟರೆ ನಾನು ತಡೆಯೋಕೆ ಆಗಲ್ಲ. ಆದ್ರೆ ನಾನು ಅವರ ಹತ್ರ ಹೋಗಿ, ನಿಮ್ಮ ಹೆಸರು ನಾವು ಯಾರಿಗೂ ಕೊಟ್ಟಿಲ್ಲ ಅಂತ ನಿಜವಾಗ್ಲೂ ಹೇಳಬೇಕು. ಆ ಮಾತು ನಿಜ ಆಗಿದ್ರೆ ಮಾತ್ರ ಅವರು ಬಾಯಿ ಬಿಡ್ತಾರೆ." ಮಗಳು ಹಾಳೆಯನ್ನು ತಾನೇ ವಾಪಸು ಕೊಟ್ಟಳು. ಪಟ್ಟಿ ಸರಿಯಾಗಿಟ್ಟು ಇನ್ನೊಂದು ನಕಲು ತೆಗೆದರು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ತೀರ್ಮಾನ ಇದು. ತೆಗೆದುಕೊಂಡದ್ದು ಮಗಳೇ.

ಮೂರನೇ ತಿರುವು: ಯಾರ ಮನೆ ಬಾಗಿಲು ತಟ್ಟಬೇಕು

ಕಡತದಲ್ಲಿ ಎರಡು ವಿಳಾಸ ಇದ್ದವಂತೆ, ತಾಯಿಯ ತವರಿನದು ಮತ್ತು ಸಾಕ್ಷಿ ಹಾಕಿದ ದೊಡ್ಡಮ್ಮನದು. ತವರಿಗೆ ಹೋಗುವುದು ಸುಲಭ. ಅಂಗನವಾಡಿ ಕಾರ್ಯಕರ್ತೆಯನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿದರೆ ಅರ್ಧ ಗಂಟೆಯಲ್ಲಿ ಆಕೆ ಈಗ ಎಲ್ಲಿದ್ದಾರೆ ಅಂತ ಗೊತ್ತಾಗುತ್ತಿತ್ತು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು ಕೂಡ. ತವರಲ್ಲಿ ಈಗ ಯಾರಿದ್ದಾರೋ, ಅವರಿಗೆ ಈ ವಿಷಯ ತಿಳಿದಿದೆಯೋ ಇಲ್ಲವೋ ಯಾರಿಗೆ ಗೊತ್ತು? ದೊಡ್ಡಮ್ಮನಿಗಂತೂ ಗೊತ್ತಿತ್ತು. ಹೆಬ್ಬೆಟ್ಟು ಒತ್ತಿದವರು ಅವರೇ.

ಹಾಗಾಗಿ ಸಮಾಜ ಕಾರ್ಯಕರ್ತೆ ದೊಡ್ಡಮ್ಮನ ಊರಿಗೆ ಹೋದರು. ಬೋರ್ಡ್ ಇರುವ ಗಾಡಿ ಬೇಡ, ಜೊತೆಗೆ ಗಂಡಸರು ಬೇಡ, ಸಂಸ್ಥೆಯ ಹೆಸರಿರುವ ಕವರ್ ಬೇಡ ಅಂತ ಮೊದಲೇ ನಿರ್ಧರಿಸಿ, ಒಬ್ಬರೇ ಬಸ್ಸಿನಲ್ಲಿ ಹೋದರು. ಆ ದೊಡ್ಡಮ್ಮ, ಈಗ ಅಜ್ಜಿ, ಬದುಕಿದ್ದರು. ಎಂಬತ್ತರ ಹತ್ತಿರ. ವಿಷಯ ತಿಳಿದ ಕೂಡಲೇ ಅವರು ಕೇಳಿದ್ದು: "ಈಗ್ಯಾಕೆ ಬಂದ್ರಿ? ಜಮೀನಲ್ಲಿ ಪಾಲು ಕೇಳ್ತಾಳಾ?"

ಇಲ್ಲಿ ಕಲಂ 12 ಕೆಲಸಕ್ಕೆ ಬಂತು. ದತ್ತು ಹೋದ ದಿನದಿಂದ ಆ ಮಗುವಿಗೂ ಹುಟ್ಟಿದ ಮನೆಯ ಆಸ್ತಿಗೂ ಲೆಕ್ಕ ಮುಗಿದಿದೆ, ಹುಡುಗಿಗೆ ಅವಳ ಮನೆಯಲ್ಲೇ ಪಾಲು ಬಂದಿದೆ, ಅವಳು ಕೇಳುತ್ತಿರುವುದು ಕಾಯಿಲೆ ಕಸಾಲೆಯ ವಿಷಯ ಮಾತ್ರ ಅಂತ ಸಮಾಜ ಕಾರ್ಯಕರ್ತೆ ಬಿಡಿಸಿ ಹೇಳಿದರು. ಇದನ್ನು ಎಲ್ಲರೂ ಮುಂಚೆಯೇ ತಯಾರು ಮಾಡಿಕೊಂಡು ಹೋಗಬೇಕು. ನಮ್ಮಲ್ಲಿ ಹೆತ್ತ ಮನೆಯವರಿಗೆ ಮಾನದ ಭಯದಷ್ಟೇ ಆಸ್ತಿಯ ಭಯವೂ ಇರುತ್ತದೆ. ಅದನ್ನು ಮೊದಲು ಇಳಿಸದೆ ಬೇರೆ ಮಾತು ಕಿವಿಗೇ ಬೀಳುವುದಿಲ್ಲ.

ಅಜ್ಜಿಯ ಮನೆಯಲ್ಲೇ ಕೆಲವು ವಾರದ ನಂತರ ಹೆತ್ತ ತಾಯಿಯ ಭೇಟಿ ಆಯಿತು. ಅವರು ಹಬ್ಬಕ್ಕೆ ಬಂದಿದ್ದರು. "ನನಗೇನೂ ಗೊತ್ತಿಲ್ಲ, ನೀವ್ಯಾರೋ ತಪ್ಪು ತಿಳ್ಕೊಂಡಿದೀರಿ" ಅಂದುಬಿಟ್ಟರು. ಸಮಾಜ ಕಾರ್ಯಕರ್ತೆ ವಾದ ಮಾಡಲಿಲ್ಲ. ಕಡತ ಹೊರಗೆ ತೆಗೆಯಲಿಲ್ಲ. ಒಂದು ಚೀಟಿಯಲ್ಲಿ ಹೆಸರಿಲ್ಲದೆ ನಂಬರ್ ಮಾತ್ರ ಬರೆದು ಅಜ್ಜಿಯ ಕೈಗೆ ಕೊಟ್ಟು ಬಂದರು.

ಆ ಸುದ್ದಿ ಕೇಳಿ ಮಗಳು ಕುಸಿದಳು. ಫೇಸ್‌ಬುಕ್ ಪೋಸ್ಟ್ ಮತ್ತೆ ಹೊರಬಂತು. ನಾವು ಆಗ ಮಾಡಿದ್ದು, ಅವಳ ಎರಡನೇ ಹಾಳೆಯನ್ನು ಮುಂದಿಟ್ಟದ್ದು. ಯಾಕೆ ಬಿಟ್ಟರು ಅನ್ನೋದಕ್ಕೆ ಉತ್ತರ ಆಗಲೇ ಕೈಯಲ್ಲಿತ್ತು. ಅದನ್ನು ಮತ್ತೆ ಓದಿದೆವು. ಇಪ್ಪತ್ತು ವರ್ಷ, ತಂದೆ ಇಲ್ಲ, ತಂಗಿಯರು. ಗೊತ್ತಿಲ್ಲ ಅಂದದ್ದು ಯಾವ ಭಯದಿಂದ ಅಂತ ಅವಳೇ ಹೇಳಿದಳು. ಪೋಸ್ಟ್ ಅಳಿಸಿದಳು.

ಫಲಿತಾಂಶ

ಸುಮಾರು ದಿನ ಆದ ಮೇಲೆ ಸಮಾಜ ಕಾರ್ಯಕರ್ತೆಯ ಫೋನಿಗೆ ಒಂದು ಮಿಸ್ಡ್ ಕಾಲ್ ಬಂತು. ಅವರು ಕೂಡಲೇ ವಾಪಸು ಮಾಡಲಿಲ್ಲ. ಅದು ಯಾರ ಫೋನೋ, ಎತ್ತುವವರು ಯಾರೋ. ಮರುದಿನ ಅದೇ ಹೊತ್ತಿಗೆ ಮತ್ತೆ ಬಂದಾಗ ಎತ್ತಿದರು.

ಹೆತ್ತ ತಾಯಿ ತುಂಬ ಹೊತ್ತು ಮಾತಾಡಿದರಂತೆ. ಭೇಟಿ ಬೇಡ ಅಂದರು. ಗಂಡನಿಗೂ ಮಕ್ಕಳಿಗೂ ಗೊತ್ತಿಲ್ಲ, ಗೊತ್ತಾದರೆ ತನಗೆ ನಿಲ್ಲಲು ಜಾಗ ಇರುವುದಿಲ್ಲ ಅಂದರು. ಹೆಸರು ಕೊಡಬೇಡಿ ಅಂದರು. ಆದರೆ ಕೇಳಿದ ಆರೋಗ್ಯದ ಪ್ರಶ್ನೆಗಳಿಗೆಲ್ಲ ಒಂದೊಂದಾಗಿ ಉತ್ತರ ಕೊಟ್ಟರು. ಅವರ ತಾಯಿ ನಲವತ್ತು ದಾಟಿದ ಸ್ವಲ್ಪದರಲ್ಲೇ ಎದೆಯ ಕ್ಯಾನ್ಸರ್‌ನಿಂದ ಹೋಗಿದ್ದರು. ಒಬ್ಬ ತಂಗಿಗೆ ಅದೇ ಕಾಯಿಲೆಗೆ ಆಪರೇಷನ್ ಆಗಿತ್ತು. ಹೆತ್ತ ತಂದೆಯ ಬಗ್ಗೆ ಕೇಳಿದ್ದಕ್ಕೆ ಸುಮ್ಮನಾದರು. ಸಮಾಜ ಕಾರ್ಯಕರ್ತೆ ಮತ್ತೆ ಕೇಳಲಿಲ್ಲ.

ಕೊನೆಗೆ ಅವರಾಗಿಯೇ ಹೇಳಿದ ಮಾತು ಇದು: "ಹಾಲು ಕುಡಿಸ್ಬೇಡ, ಆಮೇಲೆ ಬಿಡೋಕಾಗಲ್ಲ ಅಂತ ಎಲ್ರೂ ಹೇಳಿದ್ರು. ನಾನು ಕುಡಿಸ್ದೆ. ಇದನ್ನ ಅವಳಿಗೆ ಹೇಳಿ." ಆಮೇಲೆ ಒಂದು ಪ್ರಶ್ನೆ: "ಅವಳನ್ನ ಓದಿಸಿದ್ರಾ?"

ಮಗಳ ಮೂರು ಹಾಳೆಗಳಲ್ಲಿ ಎರಡಕ್ಕೆ ಉತ್ತರ ಬಂತು. ಮೂರನೆಯದಕ್ಕೆ ಬಂದದ್ದು "ಬೇಡ". ಆರೋಗ್ಯದ ಮಾಹಿತಿ ಬಂದ ವಾರವೇ ಅವಳು ವೈದ್ಯರ ಹತ್ತಿರ ಹೋದಳು. ಹೆತ್ತ ತಾಯಿಯ ಅಮ್ಮ, ಚಿಕ್ಕಮ್ಮ ಇಬ್ಬರಿಗೂ ಇತ್ತು ಅಂದ ಮೇಲೆ ಲೆಕ್ಕವೇ ಬೇರೆ. ಜೆನೆಟಿಕ್ ಕೌನ್ಸೆಲಿಂಗ್‌ಗೆ, ಅಂದರೆ ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಸಲಹೆ ಕೊಡುವವರ ಹತ್ತಿರ, ಕಳಿಸಿದರು. ಬಿಆರ್‌ಸಿಎ1, ಬಿಆರ್‌ಸಿಎ2 ಅನ್ನುವ ಎರಡು ಜೀನ್‌ಗಳ ಪರೀಕ್ಷೆ ಆಯಿತು. ಅಪಾಯ ತರುವ ಬದಲಾವಣೆ ಕಾಣಲಿಲ್ಲ. ಹಾಗಂತ ಪೂರ್ತಿ ನಿಶ್ಚಿಂತೆ ಅಲ್ಲ. ಕಾಯಿಲೆ ಬಂದಿದ್ದ ಚಿಕ್ಕಮ್ಮನನ್ನು ಪರೀಕ್ಷಿಸಲು ಇಲ್ಲಿ ಸಾಧ್ಯವಿಲ್ಲ, ಬೇರೆ ಜೀನ್‌ಗಳಿಂದಲೂ ಬರಬಹುದು. ಆದ್ದರಿಂದ ಪ್ರತಿ ವರ್ಷ ತಪಾಸಣೆ ಮಾಡಿಸಿಕೊಳ್ಳಿ ಅಂದಿದ್ದಾರೆ. ಆಸ್ಪತ್ರೆಯ ಫಾರಂನಲ್ಲಿ ಈಗ ಆ ಜಾಗದಲ್ಲಿ "ಇದೆ" ಅಂತ ಬರೆದಿದ್ದಾಳೆ.

"ಓದಿಸಿದ್ರಾ" ಅನ್ನೋ ಪ್ರಶ್ನೆಗೆ ಉತ್ತರ ಬರೆದದ್ದು ಸಾಕಿದ ಅಮ್ಮ. ಫೋಟೋ ಕಳಿಸೋಣ ಅಂತ ಮೊದಲು ಅಂದುಕೊಂಡಿದ್ದರು. ಹೆತ್ತ ತಾಯಿಗೆ ಮನೆಯಲ್ಲಿ ಯಾವ ಕಾಗದವನ್ನೂ ಇಟ್ಟುಕೊಳ್ಳುವ ಹಾಗಿರಲಿಲ್ಲ. ಹಾಗಾಗಿ ಅರ್ಧ ಹಾಳೆಯಲ್ಲಿ ಬರೆದುಕೊಟ್ಟರು, ಸಮಾಜ ಕಾರ್ಯಕರ್ತೆ ಮುಂದಿನ ಕರೆಯಲ್ಲಿ ಓದಿ ಹೇಳಿದರು. ಎಸ್‌ಎಸ್‌ಎಲ್‌ಸಿಯಲ್ಲಿ ಫಸ್ಟ್ ಕ್ಲಾಸ್ ಬಂದಿದ್ದು, ಬಿ.ಕಾಂ ಮುಗಿಸಿ ಕೆಲಸಕ್ಕೆ ಸೇರಿದ್ದು, ಸಣ್ಣವಳಿದ್ದಾಗ ದಡಾರ ಆಗಿದ್ದು, ಹಠ ಜಾಸ್ತಿ ಇರೋದು, ಅಪ್ಪನ ಚಿತೆಗೆ ಅವಳೇ ಬೆಂಕಿ ಕೊಟ್ಟಿದ್ದು. ಇಷ್ಟೇ ಅದರಲ್ಲಿದ್ದದ್ದು. ಎರಡು ಸಲ ಓದಿಸಿಕೊಂಡರಂತೆ.

ಬೇರೆ ಕಡೆ ಇದನ್ನು ಬಳಸುವವರಿಗೆ

ಈ ಕೆಲಸ ಮಾಡುವ ಕೆಲವರು ನನ್ನನ್ನು ಕೇಳುತ್ತಾರೆ, ಭೇಟಿ ಆಗದ ಮೇಲೆ ಇದು ಯಶಸ್ಸು ಹೇಗೆ ಅಂತ. ಭೇಟಿಯನ್ನೇ ಅಳತೆಗೋಲು ಮಾಡಿಕೊಂಡರೆ ನಾವು ಹೆತ್ತ ತಾಯಿಯ ಮೇಲೆ ಒತ್ತಡ ಹಾಕಲು ಶುರು ಮಾಡುತ್ತೇವೆ. ಆ ಒತ್ತಡ ಬಿದ್ದಿದ್ದರೆ ಈ ತಾಯಿಯಿಂದ ಮಿಸ್ಡ್ ಕಾಲ್ ಬರುತ್ತಿರಲಿಲ್ಲ, ಮಗಳಿಗೆ ಕ್ಯಾನ್ಸರ್ ವಿಷಯ ಗೊತ್ತಾಗುತ್ತಿರಲಿಲ್ಲ. ಆಕೆ ಬಾಯಿ ಬಿಟ್ಟದ್ದು, ಉತ್ತರ ಕೊಡಬಹುದಾದ ಸಣ್ಣ ಪ್ರಶ್ನೆ ಮೊದಲು ಬಂದದ್ದರಿಂದ, ಮತ್ತು "ಗೊತ್ತಿಲ್ಲ" ಅಂದಾಗ ಯಾರೂ ಕಡತ ತೋರಿಸಿ ಸಿಕ್ಕಿಹಾಕಿಸದೆ ಇದ್ದದ್ದರಿಂದ.

ಹಳೆಯ ಸಂಸ್ಥೆಗಳ ಪುಸ್ತಕಗಳ ಬಗ್ಗೆಯೂ ಒಂದು ಮಾತು. ಈ ಕಡತ ಉಳಿದದ್ದು ಯಾರೋ ಹಸ್ತಾಂತರ ಮಾಡುವಾಗ ಜೋಪಾನವಾಗಿ ಕಟ್ಟು ಕಟ್ಟಿದ್ದರಿಂದ. ಪಕ್ಕದ ಕಟ್ಟಿಗೆ ಗೆದ್ದಲು ಹಿಡಿದಿತ್ತು. ಅದರಲ್ಲಿದ್ದ ಮಕ್ಕಳೂ ಈಗ ಮೂವತ್ತು ದಾಟಿರುತ್ತಾರೆ. ಇಂಥ ಪುಸ್ತಕಗಳನ್ನು ಇಟ್ಟುಕೊಂಡಿರುವವರು ದಯವಿಟ್ಟು ಈ ವರ್ಷವೇ ಸ್ಕ್ಯಾನ್ ಮಾಡಿಸಿಡಿ. ಯಾವ ಸಂಸ್ಥೆಯ ಕಡತ ಎಲ್ಲಿಗೆ ಹೋಯಿತು ಅನ್ನೋದನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಬರೆದು ತಿಳಿಸಿ. ಸಾಕಿದ ಅಮ್ಮನಿಗೆ ನೆನಪಿಲ್ಲದಿದ್ದರೆ ನಾವು ಇನ್ನೂ ಹುಡುಕುತ್ತಲೇ ಇರುತ್ತಿದ್ದೆವು.

ಮಕ್ಕಳಿಗೆ ಚಿಕ್ಕ ವಯಸ್ಸಿನಲ್ಲೇ ಹೇಳಿ ಅಂತ ಸಾಕಿದವರಿಗೆ ನಾನು ಎಲ್ಲ ಕಡೆ ಹೇಳುತ್ತೇನೆ. ಮನೆಯ ಜನಕ್ಕೆ ಗೊತ್ತಿರುವ ವಿಷಯ ಮಗುವಿಗೊಂದೇ ಗೊತ್ತಿಲ್ಲದಿದ್ದರೆ, ಅದು ಯಾವತ್ತೋ ಒಂದು ದಿನ ಜಗಳದ ಬಾಯಿಂದ ಹೊರಬರುತ್ತದೆ. ಇಲ್ಲಿ ವಂಶವೃಕ್ಷದ ನೆಪದಲ್ಲಿ ಬಂತು.

ಮಗಳು ಈಗ ತನ್ನ ನಂಬರ್ ಮತ್ತು ಒಂದು ಪತ್ರವನ್ನು ಕಡತದಲ್ಲಿ ಇಟ್ಟಿದ್ದಾಳೆ. ಹೆತ್ತ ತಾಯಿ ಮನಸ್ಸು ಬದಲಿಸಿದರೆ ಅದನ್ನು ಅವರಿಗೆ ಕೊಡಬಹುದು ಅಂತ ಒಪ್ಪಿಗೆಯನ್ನೂ ಬರೆದುಕೊಟ್ಟಿದ್ದಾಳೆ. ಸಮಾಜ ಕಾರ್ಯಕರ್ತೆಗೆ ಮುಂದಿನ ವರ್ಷ ನಿವೃತ್ತಿ. ಅವರ ಜಾಗಕ್ಕೆ ಬರುವವರಿಗಾಗಿ ಕಡತದ ಮೊದಲ ಪುಟದಲ್ಲಿ ಬರೆದಿಟ್ಟಿದ್ದಾರೆ: ತಾಯಿಯ ಮನೆಗೆ ಹೋಗಬಾರದು, ಪತ್ರ ಹಾಕಬಾರದು, ದೊಡ್ಡಮ್ಮನ ಮನೆಗೂ ಮತ್ತೆ ಹೋಗಬಾರದು, ಅವರಾಗಿ ಕರೆದರೆ ಮಾತ್ರ ಮಾತಾಡಬೇಕು. ಆ ಹಳೆಯ ನಂಬರನ್ನು ಸಂಸ್ಥೆಯ ಹೆಸರಿಗೆ ವರ್ಗಾಯಿಸುವ ಅರ್ಜಿ ಕೊಟ್ಟಿದ್ದಾರೆ, ಹೆತ್ತ ತಾಯಿಯ ಹತ್ತಿರ ಇರುವುದು ಅದೊಂದೇ ನಂಬರ್.